ಕಪ್ಪತಗುಡ್ಡಕ್ಕೆ ಬೆಂಕಿಯಿಲ್ಲದ ಬಿಸಿ ಬುತ್ತಿ

ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗಿ. ಡೋಣಿ ಊರು ದಾಟಿದ ಮೇಲೆ ಊಟ ಸಿಕ್ಕೀತು ಅಂತ ನಂಬಿಕೊಂಡು ಹೊರಡಬೇಡಿ. 2019ರಿಂದ ಅದು ವನ್ಯಜೀವಿಧಾಮ. ಚಳಿಗಾಲ ಕಳೆಯುತ್ತಿದ್ದಂತೆ ಗುಡ್ಡದ ತುಂಬ ಒಣಹುಲ್ಲು, ಮೇಲೆ ಬೀಸುಗಾಳಿ. ಅಲ್ಲಿ ಒಲೆ ಹೂಡುವ ಮಾತೇ ಬೇಡ, ಒಂದು ಕಿಡಿ ಸಾಕು.

ಅದಕ್ಕೇ ಹುಬ್ಬಳ್ಳಿಯಿಂದ ಹೊರಡುವಾಗ ತಾನೇ ಬಿಸಿಯಾಗುವ ಡಬ್ಬಿ ಒಯ್ದಿದ್ದೆ. ರೊಟ್ಟಿ, ಶೇಂಗಾ ಚಟ್ನಿ ತಣ್ಣಗಿದ್ದರೂ ನಡೆಯುತ್ತೆ. ಎಣಗಾಯಿ ಮಾತ್ರ ಬಿಸಿ ಇರಬೇಕು.

ಡಬ್ಬಿಗೆ ಎರಡು ಅಂತಸ್ತು. ಕೆಳಗೆ ಪುಡಿ ತುಂಬಿದ ಚೀಲ, ಮೇಲಿನ ತಟ್ಟೆಯಲ್ಲಿ ಪಲ್ಯ. ಚೀಲದ ಮೇಲೆ ತಣ್ಣೀರು ಸುರಿದು ಮುಚ್ಚಿದ ಸ್ವಲ್ಪ ಹೊತ್ತಿಗೇ ಗುಳುಗುಳು ಸದ್ದು, ಮುಚ್ಚಳದ ತೂತಿನಿಂದ ಹಬೆ. ಅವ್ವ ಬಗ್ಗಿ ನೋಡಿ, "ಏ, ಇದು ಸುಣ್ಣ ಅರಳಿದ್ಹಂಗ ಆತಲ್ಲೋ!" ಅಂದಳು. ಖರೇನೇ. ಗೋಡೆಗೆ ಬಳಿಯೋಕೆ ಸುಟ್ಟ ಸುಣ್ಣದ ಹರಳಿಗೆ ನೀರು ಹೊಯ್ದಾಗ ಗಡಿಗೆ ಕುದಿಯುತ್ತಲ್ಲ, ಅದೇ ಇದು. ಸುಣ್ಣ ನೀರಿನ ಜೊತೆ ಕೂಡುವಾಗಲೇ ಶಾಖ ಹೊರಡುತ್ತೆ. 56 ಗ್ರಾಂ ಸುಟ್ಟ ಸುಣ್ಣದಿಂದ ಸುಮಾರು 65 ಕಿಲೋಜೂಲ್. ಅರ್ಧ ಹಬೆಗೆ, ಗಾಳಿಗೆ ಹೋದರೂ 200 ಮಿ.ಲೀ. ನೀರು 40 ಡಿಗ್ರಿಯ ಹತ್ತಿರಹತ್ತಿರ ಏರುವಷ್ಟು ಉಳಿಯುತ್ತೆ.

ನಾನು ಎಡವಿದ್ದು ನೀರಿನಲ್ಲಿ. ಕುಡಿಯೋಕೆ ಇರಲಿ ಅಂತ ಡಬ್ಬಿಯ ಗೆರೆಗಿಂತ ಕಡಿಮೆ ಹಾಕಿದೆ. ಪಲ್ಯ ಒಂದು ಬದಿ ಸುಡುತ್ತಿತ್ತು, ಇನ್ನೊಂದು ಬದಿ ತಣ್ಣಗೇ ಇತ್ತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಆರಿತು ಅಂದುಕೊಂಡು ಚೀಲವನ್ನು ಒದ್ದೆ ಟವೆಲ್‌ ಜೊತೆ ಬ್ಯಾಗಿಗೆ ತುರುಕಿದೆ. ಇಳಿಯುವಾಗ ಬೆನ್ನು ಚುರುಗುಟ್ಟಿತು. ಒಣಗಿ ಉಳಿದಿದ್ದ ಸುಣ್ಣಕ್ಕೆ ಟವೆಲ್ಲಿನ ತೇವ ತಗುಲಿ ಮತ್ತೆ ಕಾದಿತ್ತು. ಉಂಡಾದ ಮೇಲೆ ಚೀಲ ಪೂರ್ತಿ ನೆನೆಯುವಷ್ಟು ನೀರು ಹಾಕಿ, ತಣ್ಣಗಾದ ಮೇಲೆಯೇ ಕಟ್ಟಿಕೊಳ್ಳಿ. ಹಳ್ಳಕ್ಕೆ ಎಸೆಯಬೇಡಿ, ಊರಿಗೆ ವಾಪಸ್ ತನ್ನಿ. ಸುಣ್ಣದ ನೀರು ಮೀನಿಗೂ ಕಪ್ಪೆಗೂ ವಿಷ.

ಮುಚ್ಚಳದ ತೂತನ್ನು ಮುಚ್ಚಲೇಬೇಡಿ, ಹಬೆ ಒಳಗೇ ಕಟ್ಟಿಕೊಂಡರೆ ಡಬ್ಬಿ ಸಿಡಿಯುತ್ತೆ. ಕೆಲವು ಚೀಲಗಳಲ್ಲಿ ಅಲ್ಯೂಮಿನಿಯಂ ಇಲ್ಲವೇ ಮೆಗ್ನೀಸಿಯಂ ಪುಡಿಯೂ ಇರುತ್ತೆ. ಅದರಿಂದ ಹೊತ್ತಿಕೊಳ್ಳುವ ಹೈಡ್ರೋಜನ್ ಹೊರಡುತ್ತೆ. ಹಾಗಾಗಿ ಗಾಜು ಏರಿಸಿದ ಕಾರಿನೊಳಗೆ ಬೇಡ, ಬೀಡಿ-ಸಿಗರೇಟಿನ ಹತ್ತಿರವೂ ಬೇಡ. ಮಕ್ಕಳ ಕೈಗೆ ಚೀಲ ಕೊಡಬೇಡಿ. ಪುಡಿ ಕಣ್ಣಿಗೆ ಬಿದ್ದರೆ ಉಜ್ಜದೆ, ತುಂಬ ಹೊತ್ತು ನೀರು ಬಿಟ್ಟು ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ. ಇದಕ್ಕೆಲ್ಲ ಸೇರಿ, ಕುಡಿಯೋ ನೀರಿನ ಮೇಲೆ ತಲಾ ಒಂದು ಲೀಟರ್ ಜಾಸ್ತಿ ಹೊತ್ತುಕೊಳ್ಳಿ.