ಬರೀ ಆಟವಾಡಿಸುತ್ತೀರಲ್ಲ, ಚಿಕಿತ್ಸೆ ಯಾವಾಗ?

ಅಂಗವೈಕಲ್ಯವಿರುವ ಮಕ್ಕಳೊಂದಿಗೆ ಕೆಲಸ ಮಾಡುವ ಆಕ್ಯುಪೇಷನಲ್ ಥೆರಪಿಸ್ಟ್ ನಾನು, ಅಂದರೆ ಉಡುವುದು, ಉಣ್ಣುವುದು, ಆಡುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಮಗು ತಾನೇ ಮಾಡುವಂತಾಗಲು ನೆರವಾಗುವವರು. ಮಗುವಿನ ಜೊತೆಗೆ ಬಂದು ಗೋಡೆಗೆ ಒರಗಿ ಕುಳಿತವರು, ಹೆಚ್ಚಾಗಿ ಅಪ್ಪ ಇಲ್ಲವೇ ಅಜ್ಜ, ಮೊದಲ ಕೆಲವು ಭೇಟಿಗಳನ್ನು ಸಹನೆಯಿಂದ ನೋಡುತ್ತಾರೆ. ಆಮೇಲೆ ಕೇಳಿಯೇ ಬಿಡುತ್ತಾರೆ: "ಬರೀ ಆಟವಾಡಿಸುತ್ತೀರಲ್ಲ, ಚಿಕಿತ್ಸೆ ಯಾವಾಗ ಶುರು ಮಾಡುತ್ತೀರಿ?" ನೆಂಟರ ಬಾಯಲ್ಲಿ ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತದೆ: "ಮಕ್ಕಳ ಜೊತೆ ಆಡುವುದಕ್ಕೂ ಒಂದು ಪದವಿ ಬೇಕಿತ್ತೇ?"

ನೀವು ನೋಡುತ್ತಿರುವುದೇ ಚಿಕಿತ್ಸೆ ಎಂಬುದು ನನ್ನ ಉತ್ತರ. ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ದುಡ್ಡು ಮತ್ತು ಸಮಯ ಎರಡನ್ನೂ ಸುರಿಯುತ್ತಿರುವವರಿಗೆ ಅನುಮಾನಿಸುವ ಹಕ್ಕಿದೆ. ಆದ್ದರಿಂದ ಒಂದು ಆಟವನ್ನು ಬಿಡಿಸಿಯೇ ತೋರಿಸುತ್ತೇನೆ.

ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಬೆಳೆಯುವ ಮಿದುಳಿಗೆ ಬಿದ್ದ ಪೆಟ್ಟಿನಿಂದ ಮೈಯ ಚಲನೆಗೆ ಬರುವ ತೊಂದರೆಯಿಂದ, ದೇಹದ ಎಡಭಾಗ ಬಿಗಿಯಾಗಿರುವ ಮೂರು ವರ್ಷದ ಮಗು ಎಂದುಕೊಳ್ಳಿ. ಒರಗಲು ಏನೂ ಇಲ್ಲದ ಪುಟ್ಟ ಬೆಂಚಿನ ಮೇಲೆ ಕುಳಿತಿದೆ. ಪಾದಗಳು ಪೂರ್ತಿಯಾಗಿ ನೆಲಕ್ಕೆ ಊರುವಷ್ಟೇ ಎತ್ತರದ ಬೆಂಚು. ಪಾದ ಊರದಿದ್ದರೆ ಮಗು ತನ್ನ ಶಕ್ತಿಯನ್ನೆಲ್ಲ ಬೀಳದೆ ಕೂರುವುದಕ್ಕೇ ಖರ್ಚು ಮಾಡುತ್ತದೆ, ಕೈಗಳಿಗೆ ಏನೂ ಮಿಗುವುದಿಲ್ಲ. ನಾನು ಸೋಪಿನ ಗುಳ್ಳೆ ಊದುತ್ತೇನೆ. ಊದುವುದು ಮಗುವಿನ ಎಡಕ್ಕೆ, ಭುಜಕ್ಕಿಂತ ತುಸು ಮೇಲೆ, ಕೈ ಚಾಚಿದರೂ ಇನ್ನೊಂದಿಷ್ಟು ಸಾಲದೆ ಹೋಗುವ ದೂರಕ್ಕೆ. ಅದನ್ನು ಒಡೆಯಬೇಕಾದರೆ ಮಗು ಮೈಯ ಭಾರವನ್ನು ಎಡಬದಿಗೆ ಸರಿಸಬೇಕು, ಎಡ ಪಕ್ಕೆ ಹಿಗ್ಗಬೇಕು, ಭುಜ ಮೇಲೇಳಬೇಕು, ಮೊಣಕೈ ನೇರವಾಗಬೇಕು. ಬಿಗಿದುಕೊಂಡ ಕೈಗೆ ಎಲ್ಲಕ್ಕಿಂತ ಕಷ್ಟದ ಭಂಗಿ ಇದೇ. ಕೈ ಎತ್ತು ಎಂದರೆ ಮುಖ ತಿರುಗಿಸುವ ಮಗು ಗುಳ್ಳೆಗಾಗಿ ಎತ್ತುತ್ತದೆ, ಮತ್ತೆ ಮತ್ತೆ ಎತ್ತುತ್ತದೆ. ಚುರುಕಾದ ಬಲಗೈ ನಡುವೆ ನುಗ್ಗಿ ಕೆಲಸ ಕದಿಯದಂತೆ ಅದಕ್ಕೆ ಮೊದಲೇ ಒಂದು ಜವಾಬ್ದಾರಿ ವಹಿಸಿರುತ್ತೇನೆ: ಸೋಪಿನ ನೀರಿನ ಡಬ್ಬಿ ಚೆಲ್ಲದಂತೆ ಹಿಡಿದುಕೊಳ್ಳುವುದು. ಮುಷ್ಟಿಯಿಂದ ಗುದ್ದಿದರೂ ಗುಳ್ಳೆ ಒಡೆಯುವುದರಿಂದ ಮಗುವಿಗೆ ಸೋಲಿಲ್ಲ. ಅದು ಸಲೀಸಾದ ಮೇಲೆ ಗುಳ್ಳೆಯ ಜಾಗಕ್ಕೆ ಸ್ಟಿಕ್ಕರ್ ಬರುತ್ತದೆ. ಸ್ಟಿಕ್ಕರ್ ಕೀಳಲು ಮುಷ್ಟಿ ಸಾಲದು, ಬೆರಳು ಬಿಚ್ಚಲೇಬೇಕು.

ಗೋಡೆಗೆ ಒರಗಿದವರಿಗೆ ಇದರಲ್ಲಿ ಕಾಣಿಸುವುದು ಗುಳ್ಳೆ ಮಾತ್ರ. ಬೆಂಚಿನ ಎತ್ತರ, ಗುಳ್ಳೆಯ ದಿಕ್ಕು, ದೂರ, ಬಲಗೈಯ ಡಬ್ಬಿ, ಇವುಗಳ ಲೆಕ್ಕಾಚಾರ ಮಗುವಿಗಂತೂ ಕಾಣಲೇಬಾರದು. ಚಿತ್ರ ಬಿಡಿಸುವ ಹಾಳೆಯನ್ನು ಮೇಜಿನ ಮೇಲಿಡದೆ ಗೋಡೆಗೆ ಅಂಟಿಸುವುದು ಮಣಿಕಟ್ಟು ಹಿಂದಕ್ಕೆ ಬಾಗಲೆಂದು. ಕ್ರೇಯಾನುಗಳನ್ನು ಗಿಡ್ಡವಾಗಿ ಮುರಿದಿಡುವುದು, ಅವನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಮೂರು ಬೆರಳುಗಳು ಮುಂದೆ ಬರಲೆಂದು. ಹೊಸ ಕ್ರೇಯಾನು ಮುರಿಯುವಾಗ ತಾಯಂದಿರ ಮುಖ ನೋಡಬೇಕು!

ಇಷ್ಟಾದ ಮೇಲೂ ಒಂದು ವಾದ ಉಳಿಯುತ್ತದೆ. "ಅಷ್ಟೆಲ್ಲ ಸುತ್ತುಬಳಸು ಯಾಕೆ, ಕೈ ಹಿಡಿದು ನೀವೇ ಚಾಚಿಸಬಹುದಲ್ಲ, ಕಾಲು ನೀವಬಹುದಲ್ಲ?" ಇದನ್ನು ಅಜ್ಞಾನ ಎಂದು ತಳ್ಳಿಹಾಕುವ ಹಾಗಿಲ್ಲ, ಏಕೆಂದರೆ ನಮ್ಮ ವೃತ್ತಿಯೇ ದಶಕಗಳ ಕಾಲ ಸುಮಾರು ಹೀಗೇ ಯೋಚಿಸಿತ್ತು. 1940ರ ದಶಕದಲ್ಲಿ ಲಂಡನ್ನಿನಲ್ಲಿ ಬರ್ಟಾ ಬೊಬಾತ್ ಮತ್ತು ಅವರ ಪತಿ, ವೈದ್ಯ ಕಾರೆಲ್ ಬೊಬಾತ್ ಒಂದು ವಿಧಾನ ರೂಪಿಸಿದರು. ಅಲ್ಲಿಯವರೆಗೆ ಮೂಳೆ ಮತ್ತು ಸ್ನಾಯುಗಳ ತೊಂದರೆಯೆಂದೇ ನೋಡಲಾಗುತ್ತಿದ್ದ ಈ ಮಕ್ಕಳ ಸ್ಥಿತಿಯನ್ನು ಮಿದುಳಿನ ಕಡೆಯಿಂದ ನೋಡಲು ಕಲಿಸಿದ್ದು ಅವರ ದೊಡ್ಡ ಕೊಡುಗೆ. ಆದರೆ ಆ ವಿಧಾನದಲ್ಲಿ ಚಲನೆ ಹುಟ್ಟುತ್ತಿದ್ದುದು ಬಹುಮಟ್ಟಿಗೆ ಚಿಕಿತ್ಸಕರ ಕೈಗಳಲ್ಲಿ. ಬಿಗಿತವನ್ನು ಹಿಡಿತದಿಂದ ತಡೆದು, ಸರಿಯಾದ ಚಲನೆಯನ್ನು ಮೈಗೆ ತೋರಿಸಿಕೊಟ್ಟರೆ ಮಿದುಳು ಕಲಿಯುತ್ತದೆ ಎಂದು ನಂಬಿದ್ದರು. 2013ರಲ್ಲಿ ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳ ಪುರಾವೆಗಳನ್ನೆಲ್ಲ ಜರಡಿ ಹಿಡಿದು ಸಂಚಾರ ದೀಪದ ಹಾಗೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದರು. ಮಗು ತಾನೇ ಮಾಡುವ, ಒಂದು ಗುರಿಗೆ ಕಟ್ಟಿದ ಅಭ್ಯಾಸಗಳಿಗೆ ಹಸಿರು ಸಿಕ್ಕಿತು. ಬೊಬಾತ್ ಪರಂಪರೆಯ ವಿಧಾನಕ್ಕೆ ಕೆಂಪು. ಅದನ್ನು ಓದಿ ಬಹಳ ಜನ ಸಿಟ್ಟಾದರು. ಕೆಲವರ ಸಿಟ್ಟು ಇನ್ನೂ ಇಳಿದಿಲ್ಲ.

ಸ್ನಾಯು ಎಳೆದು ಹಿಡಿಯುವ ಸ್ಟ್ರೆಚಿಂಗ್‌ನ ಕಥೆಯೂ ಹೆಚ್ಚು ಭಿನ್ನವಲ್ಲ. ಏಳು ತಿಂಗಳವರೆಗೆ ಮಾಡಿದ ಸ್ಟ್ರೆಚಿಂಗ್ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ತರುವುದಿಲ್ಲ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2017ರ ಪರಿಶೀಲನೆ ಹೇಳಿತು. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಬೆಳೆಯುತ್ತಿರುವ ಮಿದುಳಿಗೆ, ಸ್ನಾಯು ಅದರ ಫಲ ಉಣ್ಣುತ್ತಿದೆ. ಮಿದುಳು ಕಲಿಯಬೇಕಾದರೆ ಬಯಕೆ ಅದರದೇ ಆಗಿರಬೇಕು, ಪ್ರಯತ್ನವೂ ಅದರದೇ, ಗುರಿ ತಪ್ಪಿದಾಗ ತಿದ್ದಿಕೊಳ್ಳುವುದೂ ಅದರದೇ. ನಾನು ಮಗುವಿನ ಕೈಯನ್ನು ಚಾಚಿಸಿದರೆ ಯೋಜನೆ ಹಾಕಿದ್ದು ನನ್ನ ಮಿದುಳು. ಬೇರೆಯವರ ಕಾರಿನಲ್ಲಿ ಕಿಟಕಿ ನೋಡುತ್ತ ಹೋದವನಿಗೆ ಎಷ್ಟು ಸಲ ಹೋದರೂ ದಾರಿ ಗೊತ್ತಾಗದಲ್ಲ, ಹಾಗೆ.

ಇದರ ಇನ್ನೊಂದು ಮುಖವನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಮಂಗಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಕೊಂಡರು. ಒಂದು ಕೈಯ ಸ್ಪರ್ಶಜ್ಞಾನ ಹೋದ ಮಂಗ ಅದನ್ನು ಬಳಸುವುದನ್ನೇ ಬಿಟ್ಟುಬಿಡುತ್ತದೆ. ಚೆನ್ನಾಗಿರುವ ಕೈಯನ್ನು ಕಟ್ಟಿಹಾಕಿದರೆ ಬಿಟ್ಟ ಕೈ ಮತ್ತೆ ಕೆಲಸಕ್ಕಿಳಿಯುತ್ತದೆ. ದೇಹದ ಒಂದು ಬದಿ ದುರ್ಬಲವಾದ ಮಕ್ಕಳಿಗೆ ಇಂದು ಬಲವಾದ ಕೈಗೆ ಕೈಗವಸು ತೊಡಿಸಿ ಕೆಲವು ವಾರ ಅಭ್ಯಾಸ ಮಾಡಿಸುವುದರ ಮೂಲ ಅಲ್ಲಿದೆ. ಆ ಪ್ರಯೋಗಗಳ ಕ್ರೌರ್ಯದ ಬಗ್ಗೆ ನನಗೆ ಸಮಾಧಾನವಿಲ್ಲ, ಅದು ಬೇರೆ ಮಾತು. ಮಕ್ಕಳ ವಿಷಯದಲ್ಲಿ ಕೈಗವಸನ್ನು ಶಿಕ್ಷೆಯಾಗಿಸದೆ ಕರಡಿಯ ಪಂಜವನ್ನಾಗಿಯೋ ಜಾದೂಗಾರನ ಗವಸನ್ನಾಗಿಯೋ ಮಾಡಬೇಕಾಗುತ್ತದೆ. ಮತ್ತೆ ಆಟಕ್ಕೇ ಬಂದೆವು.

ಅಭ್ಯಾಸದ ಪ್ರಮಾಣದ ಪ್ರಶ್ನೆಯೂ ಇದೆ. ನಡಿಗೆ ಕಲಿಯುತ್ತಿರುವ, ಯಾವ ತೊಂದರೆಯೂ ಇಲ್ಲದ ಮಕ್ಕಳನ್ನು ಅಮೆರಿಕದ ಮನೋವಿಜ್ಞಾನಿ ಕ್ಯಾರೆನ್ ಅಡಾಲ್ಫ್ ಮತ್ತು ಸಂಗಡಿಗರು ಅವರ ಪಾಡಿಗೆ ಬಿಟ್ಟು ಎಣಿಸಿದರು. 2012ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಆ ಮಕ್ಕಳು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ. ಯಾರೂ ಅವರಿಗೆ ವ್ಯಾಯಾಮ ಹೇಳಿಕೊಟ್ಟಿರುವುದಿಲ್ಲ. ವಾರಕ್ಕೆ ಒಂದೆರಡು ಸಲ ಮುಕ್ಕಾಲು ಗಂಟೆ ಸಿಗುವ ನಾನು ಇಷ್ಟು ಹೆಜ್ಜೆಗಳಿಗೆ ಎಲ್ಲಿಂದ ಸಮನಾಗಲಿ? ನಾನು ಇಲ್ಲದ ಹೊತ್ತಿನಲ್ಲೂ ಮಗುವಿಗೆ ಮಾಡಬೇಕೆನಿಸುವಂಥದ್ದನ್ನು ಹುಡುಕಿಕೊಡುವುದೊಂದೇ ದಾರಿ. ಹತ್ತು ಸಲ ಎಣಿಸಿ ಮಾಡಿಸಿದ ವ್ಯಾಯಾಮ ಹನ್ನೊಂದನೆಯ ಸಲ ಯಾರೂ ನೋಡದಿದ್ದಾಗ ನಡೆಯುವುದಿಲ್ಲ.

ಆಟದ ಬಗ್ಗೆ ಅಸಮಾಧಾನ ತೋರಿಸುವವರು ಬಹುತೇಕ ಮಗು ನಡೆಯುವ ದಿನಕ್ಕಾಗಿ ಕಾಯುತ್ತಿರುವವರು. ಅವರ ಜೊತೆ ಅದನ್ನು ನೇರವಾಗಿ ಮಾತನಾಡಬೇಕು, ಗುಳ್ಳೆಗಳ ಹಿಂದೆ ಅಡಗಬಾರದು. ಸೆರೆಬ್ರಲ್ ಪಾಲ್ಸಿಗೆ 1997ರಲ್ಲಿ ಕೆನಡಾದಲ್ಲಿ ರೂಪಿಸಿದ ಜಿಎಂಎಫ್‌ಸಿಎಸ್ ಎಂಬ ಐದು ಹಂತಗಳ ವರ್ಗೀಕರಣವಿದೆ. ಒಂದನೆಯ ಹಂತದ ಮಗು ಆಧಾರವಿಲ್ಲದೆ ನಡೆಯುತ್ತದೆ, ಓಡುತ್ತದೆ. ಐದನೆಯ ಹಂತದ ಮಗುವಿಗೆ ತಲೆ ನೆಟ್ಟಗೆ ಹಿಡಿಯುವುದೂ ಕಷ್ಟ. 2002ರಲ್ಲಿ ಅಲ್ಲಿನ ಆಂಟಾರಿಯೊ ಪ್ರಾಂತ್ಯದ 657 ಮಕ್ಕಳನ್ನು ಗಮನಿಸಿ ಪ್ರಕಟಿಸಿದ ಬೆಳವಣಿಗೆಯ ರೇಖೆಗಳು ಹೇಳುವಂತೆ, ಒಂದನೆಯ ಹಂತದ ಮಕ್ಕಳು ತಾವು ಮುಟ್ಟಬಹುದಾದ ದೈಹಿಕ ಚಲನಸಾಮರ್ಥ್ಯದ ಶೇ 90ರಷ್ಟನ್ನು ಸುಮಾರು ಐದು ವರ್ಷದ ಹೊತ್ತಿಗೆ ಮುಟ್ಟುತ್ತಾರೆ, ಐದನೆಯ ಹಂತದವರು ಮೂರು ತುಂಬುವ ಮೊದಲೇ. ಎರಡು ವರ್ಷದೊಳಗೆ ಆಧಾರವಿಲ್ಲದೆ ಕುಳಿತ ಮಗು ಮುಂದೆ ನಡೆಯುವ ಸಂಭವ ಹೆಚ್ಚು. ಇವು ಸಂಭವಗಳೇ ಹೊರತು ಜಾತಕವಲ್ಲ. ಆದರೂ "ನೋಡೋಣ, ಪ್ರಯತ್ನ ಬಿಡಬೇಡಿ" ಎಂದು ವರ್ಷಗಟ್ಟಲೆ ತೇಲಿಸುವುದಕ್ಕಿಂತ ಇವನ್ನು ಹೇಳುವುದೇ ಮರ್ಯಾದೆ ಎಂದು ನಾನು ತಿಳಿದಿದ್ದೇನೆ.

ಹೇಳಿದ ಮೇಲೆ ವೀಲ್‌ಚೇರಿನ ಮಾತು ಬರುತ್ತದೆ, ಕೋಣೆಯ ಗಾಳಿಯೇ ಭಾರವಾಗುತ್ತದೆ. ಚಕ್ರದ ಕುರ್ಚಿ ಎಂದರೆ ಸೋಲೊಪ್ಪಿಕೊಂಡಂತೆ ಎನ್ನುವವರು ಇದ್ದಾರೆ, ಮಗು ಸೋಮಾರಿಯಾಗುತ್ತದೆ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ತನಗೆ ಬೇಕಾದ ಕಡೆ ತಾನೇ ಹೋಗುವ ಅನುಭವ ಎರಡು ವರ್ಷದ ಮಗುವಿಗೆ ಬೇಕೇ ಬೇಕು, ಕಾಲುಗಳು ಸಿದ್ಧವಾಗಲಿ ಎಂದು ಅದು ಕಾಯಬಾರದು. ಎರಡು ವರ್ಷ ತುಂಬದ ಮಕ್ಕಳೂ ಮೋಟಾರು ಕುರ್ಚಿ ನಡೆಸಲು ಕಲಿತಿದ್ದಾರೆ. ಕುರ್ಚಿ ಬಂದ ಮೊದಲ ದಿನ ಮಗು ಮಾಡುವ ಕೆಲಸ ಸಾಮಾನ್ಯವಾಗಿ ನನ್ನಿಂದ ದೂರ ಹೋಗುವುದು. ಬೈದರೂ ನಿಲ್ಲುವುದಿಲ್ಲ.

ಎಲ್ಲವೂ ಆಟದಿಂದಾಗುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಸೊಂಟದ ಕೀಲು ಆಟಕ್ಕೆ ಬಗ್ಗುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಮೂರರಲ್ಲೊಂದು ಭಾಗಕ್ಕೆ ಸೊಂಟದ ಕೀಲು ಜಾರಿತ್ತು. ಐದನೆಯ ಹಂತದವರಲ್ಲಿ ಅದು ಶೇ 90. ಮೊದಮೊದಲು ನೋವೇ ಇರುವುದಿಲ್ಲ, ಎಕ್ಸ್‌ರೇ ಮಾತ್ರ ಹೇಳುತ್ತದೆ. ಕಾಲಕಾಲಕ್ಕೆ ಎಕ್ಸ್‌ರೇ ತೆಗೆಸಿ ಎಂದು ಹೇಳದ ಥೆರಪಿಸ್ಟ್ ಎಷ್ಟು ಚೆನ್ನಾಗಿ ಆಡಿಸಿದರೂ ಪ್ರಯೋಜನವಿಲ್ಲ. ಡುಶೆನ್ ಸ್ನಾಯುಕ್ಷಯದ ಮಗುವಾದರೆ ಸ್ನಾಯು ದಣಿಯುವಂಥ ಕಸರತ್ತು ಮಾಡಿಸುವುದೇ ಹಾನಿ, ಅಲ್ಲಿ ಆಟದ ಲೆಕ್ಕವೇ ಬೇರೆ.

ಇನ್ನು, ಬರೀ ಆಟವೂ ಇದೆ. ಉಯ್ಯಾಲೆ, ಚೆಂಡಿನ ತೊಟ್ಟಿ, ಬಣ್ಣದ ದೀಪಗಳಿಂದ ತುಂಬಿದ ಕೋಣೆಯಲ್ಲಿ ಮಗುವನ್ನು ಮುಕ್ಕಾಲು ಗಂಟೆ ನಗಿಸಿ ಕಳಿಸುವುದು ಕಷ್ಟವಲ್ಲ. ಗೋಡೆಗೆ ಒರಗಿದವರ ಅನುಮಾನ ಆಗ ಪೂರ್ತಿ ನ್ಯಾಯವಾದದ್ದು. ವ್ಯತ್ಯಾಸ ತಿಳಿಯಬೇಕಾದರೆ "ಇವತ್ತಿನ ಆಟ ಮಗುವಿನ ಯಾವ ಕೆಲಸಕ್ಕಾಗಿ?" ಎಂದು ಕೇಳಿ. "ಇಂದ್ರಿಯಗಳಿಗೆ ಒಳ್ಳೆಯದು" ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. "ಅಂಗಿಯ ತೋಳಿನೊಳಗೆ ತಾನೇ ಕೈ ತೂರಿಸುವುದಕ್ಕೆ" ಎಂದರೆ ಆ ಉತ್ತರಕ್ಕೆ ತಳವಿದೆ. ನಾವು ಬಳಸುವ ಒಂದು ಕೆನಡಾದ ಅಳತೆಯಲ್ಲಿ ಮಗುವಿನ ಮನೆಯವರೇ ಮುಖ್ಯವೆನಿಸಿದ ಕೆಲಸಗಳನ್ನು ಆರಿಸುತ್ತಾರೆ. ಮಗು ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದೆ, ತಮಗೆ ಎಷ್ಟು ತೃಪ್ತಿಯಾಗಿದೆ ಎಂದು ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ, ಕೆಲವು ತಿಂಗಳ ಬಳಿಕ ಮತ್ತೆ ಕೊಡುತ್ತಾರೆ. ಅಂಕ ಏರದಿದ್ದರೆ ನಾನು ಆಟ ಬದಲಿಸಬೇಕು. ಮಗುವಿನ ಮೇಲೆ ಗೂಬೆ ಕೂರಿಸುವಂತಿಲ್ಲ.

ಉತ್ತರ ಒಪ್ಪಿಗೆಯಾದವರು ಕೂಡಲೇ ಕೇಳುವುದು, "ಹಾಗಾದರೆ ಮನೆಯಲ್ಲಿ ಎಷ್ಟು ಹೊತ್ತು ಮಾಡಿಸಬೇಕು?" ದಿನಕ್ಕೆ ಇಷ್ಟು ಗಂಟೆ ಎಂದು ನಾನು ಹೇಳುವುದಿಲ್ಲ. ತಾಯಿ ಥೆರಪಿಸ್ಟ್ ಆಗಿಬಿಟ್ಟರೆ ಮಗುವಿಗೆ ತಾಯಿ ಯಾರು? ಹೇಗಿದ್ದರೂ ಮಾಡಲೇಬೇಕಾದ ಒಂದು ಕೆಲಸ ಆರಿಸಿಕೊಳ್ಳಿ, ಕಾಲುಚೀಲ ಎಂದಿಟ್ಟುಕೊಳ್ಳಿ. ಹಾಕುವುದಕ್ಕಿಂತ ಬಿಚ್ಚುವುದು ಸುಲಭ, ಅಲ್ಲಿಂದ ಆರಂಭಿಸಿ. ಹಿಮ್ಮಡಿ ದಾಟುವವರೆಗೆ ನೀವು ಎಳೆಯಿರಿ, ಬೆರಳುಗಳ ಮೇಲೆ ಉಳಿದದ್ದನ್ನು ಮಗು ಕಿತ್ತೆಸೆಯಲಿ. ಮುಂದಿನ ವಾರ ಹಿಮ್ಮಡಿಗೆ ಮೊದಲೇ ನಿಲ್ಲಿಸಿ. ಬೆಳಿಗ್ಗೆ ಹೊರಡುವ ಅವಸರವಿದ್ದರೆ ಏನೂ ಚಿಂತಿಸದೆ ನೀವೇ ಹಾಕಿಬಿಡಿ. ಸಂಜೆ ಬಿಚ್ಚುವುದಕ್ಕೆ ಬೇಕಾದಷ್ಟು ಹೊತ್ತಿರುತ್ತದೆ.