ಇಲ್ಲಿಕ್ಕುನ್ನಿನ ಜಗಲಿಯಲ್ಲಿ ಕೇಳಿದ ಉತ್ತರ

ಕಳೆದ ಶನಿವಾರ ಕೇರಳದ ತಲಶ್ಶೇರಿಯಲ್ಲಿ, ಮಲಯಾಳ ನಿಘಂಟುಕಾರ ಗುಂಡರ್ಟ್ ಬಾಳಿದ, ಈಗ ವಸ್ತುಸಂಗ್ರಹಾಲಯವಾಗಿರುವ ಗುಂಡರ್ಟ್ ಬಂಗಲೆಯಲ್ಲಿ ನನ್ನ ಅಣ್ಣನ ಮಗಳು ಆಡಿದ ಒಂದು ಮಾತು ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ನಾವಿಬ್ಬರೂ ಕನ್ನಡದಲ್ಲಿ ಮಾತನಾಡುತ್ತಿದ್ದುದನ್ನು ಕೇಳಿಸಿಕೊಂಡ ಅಲ್ಲಿನ ಸಿಬ್ಬಂದಿಯೊಬ್ಬರು, "ಚೇಚಿ, ಮಂಗಳೂರಿನವರಾ?" ಎಂದು ಮಲಯಾಳದಲ್ಲಿ ವಿಚಾರಿಸಿದರು. ಅಲ್ಲ, ಕಾಸರಗೋಡಿನವರು, ಕುಂಬಳೆಯ ಹತ್ತಿರ ಎಂದೆ. "ಕಾಸರಗೋಡಿನವರಾದರೆ ಮತ್ತೆ ಕನ್ನಡ ಯಾಕೆ?" ಎಂದರು. ಅವರ ದನಿಯಲ್ಲಿ ಕೊಂಕೇನೂ ಇರಲಿಲ್ಲ. ನಿಜಕ್ಕೂ ತಿಳಿಯುವ ಆಸೆಯಿಂದಲೇ ಕೇಳಿದ್ದರು. ಆದರೂ ಕಾಸರಗೋಡು ಕೇರಳಕ್ಕೆ ಸೇರಿಹೋದ 1956ರ ನವೆಂಬರ್ 1ರಿಂದ ಆರಂಭಿಸಿ ಹೇಳಬೇಕಾದ ಉದ್ದನೆಯ ಉತ್ತರವೊಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗಿ ನಗುನಗುತ್ತ, "ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಾಲೇಜಿನಲ್ಲಿ ಮಲಯಾಳ. ನಮಗೆ ಎಲ್ಲವೂ ಬೇಕು ಚೇಟ್ಟಾ" ಎಂದುಬಿಟ್ಟಳು. ಅವರಿಗೆ ಆ ಉತ್ತರ ಬಹಳ ಹಿಡಿಸಿತು. ಆ ಕ್ಷಣಕ್ಕೆ ನನಗೂ ಹೆಮ್ಮೆಯೇ ಆಯಿತು.

ಹೆಮ್ಮೆ ಕರಗಿದ್ದು ಒಳಗಿನ ಕೋಣೆಗಳನ್ನು ನೋಡುತ್ತ ಹೋದಂತೆ. ಹರ್ಮನ್ ಗುಂಡರ್ಟ್ 1839ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಪರವಾಗಿ ಇಲ್ಲಿಕ್ಕುನ್ನಿನ ಈ ಗುಡ್ಡಕ್ಕೆ ಬಂದು ನೆಲೆಸಿದವರು; ಅದಕ್ಕೆ ಮುನ್ನ ಅವರು ಇದ್ದದ್ದು ಮಂಗಳೂರಿನಲ್ಲಿ. ಅವರು ಮಲಯಾಳ ಕಲಿತರು, ಗಾದೆಗಳನ್ನು ಕೂಡಿಸಿದರು, ತಾಳೆಗರಿಗಳನ್ನು ಸಂಗ್ರಹಿಸಿದರು. 1847ರಲ್ಲಿ 'ರಾಜ್ಯಸಮಾಚಾರಂ' ಪತ್ರಿಕೆಯನ್ನು ಇದೇ ಗುಡ್ಡದ ಮೇಲೆ ಕಲ್ಲಚ್ಚಿನಲ್ಲಿ ಹೊರತಂದರು. 1859ರಲ್ಲಿ ಆರೋಗ್ಯ ಕೆಟ್ಟು ಜರ್ಮನಿಗೆ ಮರಳಿದ ಮೇಲೂ ಮಲಯಾಳದ ಕೆಲಸವನ್ನು ಬಿಡಲಿಲ್ಲ, 1872ರಲ್ಲಿ ಅವರ ಮಲಯಾಳ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಮತಪ್ರಚಾರಕ್ಕಾಗಿ ಬಂದವರು ಎಂಬುದನ್ನು ಮರೆಯಬೇಕಾಗಿಲ್ಲ. ಆದರೆ ಅಂಗಳದಲ್ಲಿ, ಗದ್ದೆಯಲ್ಲಿ, ಸಂತೆಯಲ್ಲಿ ಜನ ಆಡುತ್ತಿದ್ದ ನುಡಿಯನ್ನು ಕಾಗದಕ್ಕೂ ಅಚ್ಚಿಗೂ ಶಾಲೆಗೂ ತರುವುದಕ್ಕೆ ಆ ಮನುಷ್ಯ ಪಟ್ಟ ಪಾಡಿಗೆ ಮಲಯಾಳಿಗಳು ಮನಸಾರೆ ಕೃತಜ್ಞರಾಗಿದ್ದಾರೆ, ಮತ್ತು ಆ ಕೃತಜ್ಞತೆಯನ್ನು ಒಂದು ಮನೆಯಾಗಿ ಉಳಿಸಿಕೊಂಡಿದ್ದಾರೆ.

ನಮ್ಮ ಹುಡುಗಿಗೆ ಹೆಚ್ಚು ರುಚಿಸಿದ್ದು ಗುಂಡರ್ಟರ ಮೊಮ್ಮಗ, ಜರ್ಮನ್ ಸಾಹಿತಿ ಹರ್ಮನ್ ಹೆಸ್ಸೆಯ ವಿಚಾರ. ಹೆಸ್ಸೆಯ ತಾಯಿ ಮರೀ ಹುಟ್ಟಿದ್ದು ತಲಶ್ಶೇರಿಯಲ್ಲೇ, 1842ರಲ್ಲಿ. ಬಂದ ಇತರರೂ ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಮೊಮ್ಮಗನಿಗೆ 1946ರಲ್ಲಿ ನೊಬೆಲ್ ಬಂತೆಂಬ ಕಾರಣಕ್ಕೆ ಅಜ್ಜನ ಮನೆಗೆ ಬೆಲೆ ಬರುವುದು ನನಗೆ ಸರಿಕಾಣಲಿಲ್ಲ. ಅಜ್ಜನ ಕೆಲಸ ತನ್ನಷ್ಟಕ್ಕೇ ದೊಡ್ಡದು.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಗುಂಡರ್ಟರ ಆ ಮಲಯಾಳ ನಿಘಂಟು ಪ್ರಕಟವಾದದ್ದು ಮಂಗಳೂರಿನ ಬಾಸೆಲ್ ಮಿಶನ್ನಿನಿಂದ. ಅದೇ ಮಿಶನ್ನಿನ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದ್ದರು. ಅದೇ ಮಂಗಳೂರಿನಿಂದ 1894ರಲ್ಲಿ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಬಂತು. ಅಂದರೆ ಮಲಯಾಳಕ್ಕೆ ದೊರೆತ ಪತ್ರಿಕೆ ಕನ್ನಡಕ್ಕೆ ನಾಲ್ಕು ವರ್ಷ ಮೊದಲೇ ದೊರೆತಿತ್ತು. ಗುಂಡರ್ಟರು 1857ರಲ್ಲಿ ಶಾಲಾ ಇನ್ಸ್‌ಪೆಕ್ಟರರಾದಾಗ ಅವರ ವ್ಯಾಪ್ತಿ ಮಲಬಾರ್ ಮತ್ತು ಕೆನರಾ ಎರಡೂ ಆಗಿತ್ತು, ಮತ್ತು ನಮ್ಮ ಕುಂಬಳೆ, ಮಂಜೇಶ್ವರ, ಕಾಸರಗೋಡುಗಳು ಆಗ ಕೆನರಾಕ್ಕೆ ಸೇರಿದ್ದವು.

ಇಷ್ಟೆಲ್ಲ ಇದ್ದ ಭಾಷೆ "ಮನೆಯಲ್ಲಿ ಕನ್ನಡ" ಎಂಬಲ್ಲಿಗೆ ಬಂದು ನಿಂತಿತಲ್ಲ ಎಂಬುದೇ ನನ್ನ ಸಂಕಟ. ಹುಡುಗಿಯದು ತಪ್ಪೆಂದು ನಾನು ಹೇಳಲಾರೆ. ಅವಳಿಗೆ ಯಾವ ಭಾಷೆಯ ಮೇಲೂ ಮುನಿಸಿಲ್ಲ, ನಮ್ಮ ತಲೆಮಾರಿಗೆ ಬಾರದೇ ಹೋದ ಆ ನಿರಾಳತೆ ಅವಳಿಗೆ ಬಂದಿದೆ, ಅದು ಒಳ್ಳೆಯದೇ. ಆದರೆ ಅವಳು ಎಣಿಸಿ ಕೊಟ್ಟ ಪಟ್ಟಿಯಲ್ಲಿ ಓದು ಬರಹದ ಜಾಗ ಮಲಯಾಳಕ್ಕೆ ಹೋಗಿದೆ, ಬೀದಿಯ ಜಾಗ ತುಳುವಿಗೆ ಸಂದಿದೆ, ಕನ್ನಡಕ್ಕೆ ಉಳಿದದ್ದು ಅಡುಗೆಮನೆ ಮತ್ತು ಚಾವಡಿ. ಅಜ್ಜಿಯೊಂದಿಗೆ ಮಾತ್ರ ಆಡುವ ಭಾಷೆ ಅಜ್ಜಿಯ ಕಾಲಕ್ಕೇ ಮುಗಿಯುತ್ತದೆ. ನಮ್ಮಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಇವೆ, ಅವುಗಳಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಹೋರಾಡುವವರೂ ಇದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಹೋರಾಟದ ಸಭೆಗಳಲ್ಲಿ ಗಟ್ಟಿಯಾಗಿ ಮಾತನಾಡಿ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವರನ್ನೂ ನಾನು ಬಲ್ಲೆ. ನನ್ನ ಅಣ್ಣ ಅವರಲ್ಲೊಬ್ಬ. ಅವನಿಗೆ ಇದನ್ನು ಮುಖಕ್ಕೇ ಹೇಳಿದ್ದೇನೆ.

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಇದೆ. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ, ಹಲವು ಭಾಷೆಗಳನ್ನು ಬಲ್ಲ ಆ ವಿದ್ವಾಂಸರು ಬಾಳಿದ ಮನೆ ಇಂದು 'ಗಿಳಿವಿಂಡು' ಎಂಬ ಹೆಸರಿನ ಸ್ಮಾರಕವಾಗಿದೆ. ಕುಂಬಳೆಯಿಂದ ಮಂಜೇಶ್ವರಕ್ಕೆ ತಲಶ್ಶೇರಿಗಿಂತ ಎಷ್ಟೋ ಹತ್ತಿರ. ನಮ್ಮ ಹುಡುಗಿ ಅದನ್ನು ನೋಡಿಲ್ಲ. ಅವಳ ಗೆಳತಿಯರೂ ನೋಡಿಲ್ಲವಂತೆ.

ಮರಳುವ ರೈಲಿನಲ್ಲಿ ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಸಿಟ್ಟಾಗದೆ ಪೂರ್ತಿ ಕೇಳಿಸಿಕೊಂಡು, "ಅತ್ತೆ, ನಾನು ದಿನಾ ಕನ್ನಡದಲ್ಲೇ ಮೆಸೇಜ್ ಬರೆಯುತ್ತೇನಲ್ಲ" ಎಂದು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಮಾತೆಲ್ಲ ಕನ್ನಡ, ಅಕ್ಷರ ಪೂರ್ತಿ ಇಂಗ್ಲಿಷ್. ಇದು ಬರಹವೇ ಅಲ್ಲ ಎಂದು ನಾನು ವಾದಿಸಿದೆ. ಬರೆಯದೇ ಇರುವುದಕ್ಕಿಂತ ಇದು ಮೇಲಲ್ಲವೇ ಎಂದು ಅವಳು ಕೇಳಿದಳು. ಕಣ್ಣೂರು ದಾಟಿ ಪಯ್ಯನ್ನೂರಿನವರೆಗೂ ಈ ಚರ್ಚೆ ನಡೆಯಿತು, ಇಬ್ಬರೂ ಬಿಟ್ಟುಕೊಡಲಿಲ್ಲ. ಮುಂದಿನ ರಜೆಯಲ್ಲಿ ಗೆಳತಿಯರನ್ನೂ ಕರೆದುಕೊಂಡು ಮಂಜೇಶ್ವರಕ್ಕೆ ಬರುವುದಾಗಿ ಅವಳು ಒಪ್ಪಿದ್ದಾಳೆ. ಅಲ್ಲಿ ಗೋಡೆಯ ಮೇಲೆ ಕನ್ನಡದಲ್ಲಿ ಏನು ಬರೆದಿದ್ದರೂ ಅದನ್ನು ಅವಳೇ ಓದಬೇಕು, ನಾನು ಓದಿ ಹೇಳುವುದಿಲ್ಲ ಎಂದು ಮೊದಲೇ ತಿಳಿಸಿದ್ದೇನೆ.