ಖಾಲಿ ಹೊಟ್ಟೆಗೆ 118, ಎರಡು ಗಂಟೆಗೆ 149

18 ಜನವರಿ 2025, ಶನಿವಾರ

ಮಾದರಿಗೆ ಒಂದು ರಿಪೋರ್ಟ್ ಎದುರಿಗೆ ಇಟ್ಟುಕೊಳ್ಳೋಣ. ವಯಸ್ಸು 26, ತೆಳ್ಳನೆಯ ಮೈಕಟ್ಟು. ಖಾಲಿ ಹೊಟ್ಟೆಯ ಶುಗರ್ 118, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 149, ಎಚ್‌ಬಿಎ1ಸಿ 6.3 (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಂಕಿ). ಇದರ ಮೇಲೆ ‘ಪ್ರೀ-ಡಯಾಬಿಟಿಸ್’ ಎಂದು ಬರೆದು ಮೆಟ್‌ಫಾರ್ಮಿನ್ ಶುರು ಮಾಡುವುದೇ ಹೆಚ್ಚು. ಆದರೆ ಇಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದದ್ದು 118 ಅಲ್ಲ, 149 ಅಲ್ಲ, ಅವೆರಡರ ನಡುವಿನ 31. ಬೆಳಗಿನ ಶುಗರ್ ಏರಿದೆ, ಗ್ಲೂಕೋಸ್ ಬಿದ್ದ ಮೇಲೆ ಮಾತ್ರ ಹೆಚ್ಚೇನೂ ಏರಿಲ್ಲ. ವರ್ಷಗಟ್ಟಲೆ ಹೀಗೇ ಇದ್ದರೆ ಗ್ಲೂಕೋಕೈನೇಸ್ ಜೀನ್ ನೆನಪಾಗಬೇಕು.

ಮೇದೋಜೀರಕ ಗ್ರಂಥಿಯ ಬೀಟಾ ಕೋಶಕ್ಕೆ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ತಿಳಿಸಿಕೊಡುವ ಕಿಣ್ವ ಗ್ಲೂಕೋಕೈನೇಸ್. ಒಳಗೆ ಬಂದ ಗ್ಲೂಕೋಸಿಗೆ ಅದು ಫಾಸ್ಫೇಟ್ ಅಂಟಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಕೆಲಸ ಬಿರುಸಾಗುತ್ತದೆ. ಸುಮಾರು 90 ದಾಟಿದಾಗ ಇನ್ಸುಲಿನ್ ಹೊರಬೀಳಲು ಶುರುವಾಗುತ್ತದೆ. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಆ ಗಡಿ 120ರ ಆಸುಪಾಸಿಗೆ ಸರಿಯುತ್ತದೆ. ತಕ್ಕಡಿ ಕೆಟ್ಟಿಲ್ಲ, ಮುಳ್ಳು ಒಂದು ಗೆರೆ ಆಚೆ ನಿಂತಿದೆ. ಗಡಿ ದಾಟಿದ ಮೇಲೆ ಇನ್ಸುಲಿನ್ ಸರಿಯಾಗಿಯೇ ಬರುವುದರಿಂದ ಊಟದ ನಂತರದ ಏರಿಕೆ ಚಿಕ್ಕದು. ಖಾಲಿ ಹೊಟ್ಟೆಯಲ್ಲಿ 99ರಿಂದ 144, ನಲವತ್ತು ದಾಟಿದವರಲ್ಲೂ ಎಚ್‌ಬಿಎ1ಸಿ ಹೆಚ್ಚೆಂದರೆ 7.6: ಹುಟ್ಟಿದಾಗಿನಿಂದ ಮುಪ್ಪಿನವರೆಗೆ ಬಹುಮಟ್ಟಿಗೆ ಇದರೊಳಗೇ. ಎರಡು ಗಂಟೆಯ ಏರಿಕೆ ಹತ್ತರಲ್ಲಿ ಏಳು ಜನರಲ್ಲಿ 54ಕ್ಕಿಂತ ಕಡಿಮೆ.

ಈ ಲೆಕ್ಕವೆಲ್ಲ ನಿಂತಿರುವುದು ಪರೀಕ್ಷೆ ಸರಿಯಾಗಿ ನಡೆದರೆ ಮಾತ್ರ. ಹಿಂದಿನ ಮೂರು ದಿನ ಅನ್ನ, ಮುದ್ದೆ, ಚಪಾತಿ ಎಂದಿನಂತೆ ತಿನ್ನಬೇಕು, ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ಆದರೂ ಸೇರಬೇಕು. ‘ನಾಳೆ ಟೆಸ್ಟ್ ಇದೆ’ ಎಂದು ಎರಡು ದಿನ ಅನ್ನ ಬಿಟ್ಟು ಬಂದವರಲ್ಲಿ ಎರಡು ಗಂಟೆಯ ಅಂಕಿ ಸುಳ್ಳಾಗಿ ಏರುತ್ತದೆ. ರಾತ್ರಿಯಿಡೀ, ಕನಿಷ್ಠ ಎಂಟು ತಾಸಿನ ಉಪವಾಸ, ನೀರು ಕುಡಿಯಬಹುದು. ಗ್ಲೂಕೋಸ್ ಪೊಟ್ಟಣದ ಹಿಂಬದಿ ಓದಿ: ಮೊನೊಹೈಡ್ರೇಟ್ ಎಂದಿದ್ದರೆ 82.5 ಗ್ರಾಂ ತೂಗಿದಾಗಷ್ಟೇ 75 ಗ್ರಾಂ ಗ್ಲೂಕೋಸ್ ಸಿಗುವುದು. ಚಮಚದ ಅಂದಾಜು ಬೇಡ. 250-300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಗಡಿಯಾರ ಮೊದಲ ಗುಟುಕಿನಿಂದ ಓಡುತ್ತದೆ. ಮಧ್ಯದಲ್ಲಿ ವಾಂತಿಯಾದರೆ ಇನ್ನೊಂದು ದಿನ.

ಟ್ಯೂಬಿನ ವಿಷಯ ಇನ್ನೂ ಸೂಕ್ಷ್ಮ. ತೆಗೆದ ರಕ್ತದಲ್ಲಿ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ನೂರಕ್ಕೆ 5ರಿಂದ 7ರಷ್ಟು. ಎರಡು ಗಂಟೆ ಹಾಗೇ ಬಿಟ್ಟರೆ 118 ಇದ್ದದ್ದು 105ರ ಹತ್ತಿರ ಬರುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದನ್ನು ತಡೆಯುತ್ತದೆ, ಆದರೆ ತಕ್ಷಣ ಅಲ್ಲ. ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು. ಐಸ್ ನೀರಿನಲ್ಲಿಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸುವುದೇ ಒಳ್ಳೆಯದು.

ಮುಂದಿನ ಹೆಜ್ಜೆ ಬಲು ಅಗ್ಗದ್ದು: ಅಪ್ಪ, ಅಮ್ಮ ಇಬ್ಬರ ಖಾಲಿ ಹೊಟ್ಟೆಯ ಶುಗರ್ ನೋಡುವುದು. ‘ನಮ್ಮ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ’ ಎಂಬ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ 115 ಇರುವವರಿಗೆ ಏನೂ ಗೊತ್ತಾಗುವುದಿಲ್ಲ. ಲ್ಯಾಬಿನಲ್ಲೇ ಆಗಬೇಕು. ಮನೆಯ ಗ್ಲುಕೋಮೀಟರಿನಲ್ಲಿ ನೂರಕ್ಕೆ 15ರಷ್ಟು ಹೆಚ್ಚು-ಕಡಿಮೆ ಆಗಲು ಅವಕಾಶವಿದೆ. 118 ಅಲ್ಲಿ 100 ಎಂದೂ 135 ಎಂದೂ ಕಾಣಬಹುದು.

ಜೀನ್ ಪರೀಕ್ಷೆಯಲ್ಲಿ ಇದೇ ಖಚಿತವಾದರೆ ಗರ್ಭಿಣಿಯರನ್ನು ಬಿಟ್ಟು ಉಳಿದವರಿಗೆ ಮಾತ್ರೆ ಬೇಡ, ಇನ್ಸುಲಿನ್ ಬೇಡ. ಮಾತ್ರೆ ಕೊಟ್ಟರೂ ಎಚ್‌ಬಿಎ1ಸಿ ಕದಲುವುದಿಲ್ಲ: ದೇಹ ತನ್ನ ಹೊಸ ಗಡಿಯನ್ನೇ ಸರಿಯೆಂದು ತಿಳಿದು ಸಕ್ಕರೆಯನ್ನು ಮತ್ತೆ ಅಲ್ಲಿಗೇ ಎಳೆದು ತರುತ್ತದೆ. ಕಣ್ಣು, ಕಿಡ್ನಿಗೆ ಗಂಭೀರ ಹಾನಿಯಾಗುವುದು ಬಲು ಅಪರೂಪ. ಏನೂ ಬೇಕಿಲ್ಲದ ಮನುಷ್ಯ ಇಪ್ಪತ್ತು ವರ್ಷ ಮಾತ್ರೆ ನುಂಗಿ, ಸಿಹಿ ಬಿಟ್ಟು, ಹೆದರಿಕೊಂಡು ಬದುಕುವುದು ತಪ್ಪಬೇಕು ಎಂಬುದೇ ಈ ಪುಟದ ಕಾಳಜಿ.

ಬಸುರಿಯ ವಿಷಯದಲ್ಲಿ ಲೆಕ್ಕ ಪೂರ್ತಿ ಬೇರೆ. ನಮ್ಮ ಸರ್ಕಾರಿ ಮಾರ್ಗಸೂಚಿಯಂತೆ ಊಟವಾಗಿದ್ದರೂ ಸರಿ, ಆಗದಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ 140 ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ ಎನ್ನುತ್ತಾರೆ. ದೂರದ ಹಳ್ಳಿಯಿಂದ ಬರುವವರಿಗೆ ಇದು ಅನುಕೂಲ, ಆ ಪದ್ಧತಿ ಸರಿಯೇ. ಆದರೆ ಖಾಲಿ ಹೊಟ್ಟೆಯ ಅಂಕಿಯೇ ಇಲ್ಲದ್ದರಿಂದ ಗ್ಲೂಕೋಕೈನೇಸಿನ ಸುಳಿವು ಅಲ್ಲಿಗೇ ಅಳಿಸಿಹೋಗುತ್ತದೆ. ತೆಳ್ಳಗಿರುವ ಬಸುರಿಗೆ 150 ಬಂದರೆ ಇನ್ನೊಂದು ಬೆಳಿಗ್ಗೆ ಫಾಸ್ಟಿಂಗ್ ನೋಡಿ. ಹೆರಿಗೆಯಾಗಿ ಆರು ವಾರದ ಮೇಲೂ 115 ಹಾಗೇ ಉಳಿದಿದ್ದರೆ ಇನ್ನೂ ಬಲವಾದ ಸುಳಿವು.

ಬಸುರಿಗೆ ಚಿಕಿತ್ಸೆ ಬೇಕೇ ಎಂಬುದನ್ನು ತಾಯಿಯ ಶುಗರ್ ಹೇಳುವುದಿಲ್ಲ, ಹೊಟ್ಟೆಯೊಳಗಿನ ಮಗು ಹೇಳುತ್ತದೆ. ಮಗುವಿಗೂ ಕೆಟ್ಟ ಪ್ರತಿ ಬಂದಿದ್ದರೆ ಅದರ ಗಡಿಯೂ ಮೇಲಕ್ಕೆ ಸರಿದಿರುತ್ತದೆ. ತಾಯಿಯ 118 ಅದಕ್ಕೆ ಸಹಜ, ತೂಕವೂ ಸಹಜ. ಇಂಥ ಮಗುವಿದ್ದಾಗ ತಾಯಿಗೆ ಇನ್ಸುಲಿನ್ ಒತ್ತಿ ಕೊಟ್ಟರೆ ಮಗು ಸಣ್ಣದಾಗುವ ಅಪಾಯವಿದೆ. ಕೆಟ್ಟ ಪ್ರತಿ ಬಂದಿಲ್ಲದಿದ್ದರೆ ಮಗುವಿಗೆ 118 ಹೆಚ್ಚು, ಅದು ತಾನೇ ಹೆಚ್ಚು ಇನ್ಸುಲಿನ್ ಸುರಿಸಿ ಅರ್ಧ ಕೆಜಿಗೂ ಮೇಲೆ ದಪ್ಪಗಾಗುತ್ತದೆ. ಹಾಗಾಗಿ 26ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಮಗುವಿನ ಹೊಟ್ಟೆಯ ಸುತ್ತಳತೆ ನೋಡುತ್ತಾರೆ. ಅದು 75ನೇ ಪರ್ಸೆಂಟೈಲ್ ದಾಟಿದರೆ (ಅದೇ ವಾರದ ನೂರು ಮಕ್ಕಳಲ್ಲಿ 75ಕ್ಕಿಂತ ದೊಡ್ಡದಿದ್ದರೆ) ತಾಯಿಗೆ ಇನ್ಸುಲಿನ್, 38ನೇ ವಾರದ ಹೊತ್ತಿಗೆ ಹೆರಿಗೆಯ ಯೋಚನೆ.

ನಮ್ಮ ಕಡೆ ಇನ್ನೊಂದು ಮಾತು ಸೇರಿಸಲೇಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆಗಳಲ್ಲಿ ಗಂಡ-ಹೆಂಡತಿ ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಹೆಚ್ಚು. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು, ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಬರುತ್ತವೆ. ತಂದೆತಾಯಿಗೆ ಏನೂ ಮಾಡದ 118, ಆ ಮಗುವಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಇನ್ಸುಲಿನ್ ಬೇಕಾಗುವ ಮಧುಮೇಹವಾಗುತ್ತದೆ. ಇಂಥ ಕೂಸಿನ ಅಪ್ಪ-ಅಮ್ಮನ ಫಾಸ್ಟಿಂಗ್ ನೋಡದೆ ಬಿಡಬಾರದು.

ಇದಕ್ಕೆ ತದ್ವಿರುದ್ಧವಾದದ್ದು ಇನ್ನೊಂದು ಜೀನ್, ಎಚ್‌ಎನ್‌ಎಫ್1ಎ. ಇಲ್ಲಿ ಮುಳ್ಳು ಸರಿದಿರುವುದಲ್ಲ, ಇನ್ಸುಲಿನ್ ಸುರಿಸುವ ಶಕ್ತಿಯೇ ವರ್ಷದಿಂದ ವರ್ಷಕ್ಕೆ ಕುಂದುತ್ತದೆ. ಶುರುವಿನಲ್ಲಿ ಫಾಸ್ಟಿಂಗ್ ಸಹಜವಾಗಿದ್ದು ಎರಡು ಗಂಟೆಗೆ ಅದರ ಮೇಲೆ 90ಕ್ಕಿಂತ ಹೆಚ್ಚು ಏರುವುದು ಇದರ ಗುರುತು. ಕಿಡ್ನಿ ಸಕ್ಕರೆಯನ್ನು ವಾಪಸು ಎಳೆದುಕೊಳ್ಳುವುದೂ ಕಡಿಮೆಯಾಗುತ್ತದೆ, ಆದ್ದರಿಂದ ರಕ್ತದಲ್ಲಿ 180 ಮುಟ್ಟುವ ಮೊದಲೇ ಮೂತ್ರದ ಪಟ್ಟಿ ಬಣ್ಣ ತಿರುಗುತ್ತದೆ. ಚಿಕಿತ್ಸೆ ತಪ್ಪಿದರೆ ಕಣ್ಣು, ಕಿಡ್ನಿ ಎರಡೂ ಹಾಳು. ಗ್ಲಿಕ್ಲಜೈಡ್, ಗ್ಲಿಮೆಪಿರೈಡ್ ಜಾತಿಯ ಮಾತ್ರೆಗೆ ಇವರು ಬಹಳ ಚೆನ್ನಾಗಿ ಓಗೊಡುತ್ತಾರೆ. ರೂಢಿಯ ಡೋಸಿನ ಕಾಲು ಭಾಗದಿಂದ ಶುರು ಮಾಡಬೇಕು, ಇಲ್ಲದಿದ್ದರೆ ಶುಗರ್ ಧೊಪ್ಪನೆ ಇಳಿಯುತ್ತದೆ.

ಆರು ತಿಂಗಳೊಳಗಿನ ಕೂಸಿಗೆ ಮಧುಮೇಹ ಬಂದರೆ ಟೈಪ್ 1 (ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುವ ಬಗೆ) ಎಂದು ಕೂರುವಂತಿಲ್ಲ, ಜೀನ್ ಪರೀಕ್ಷೆ ಆಗಲೇಬೇಕು. ಬೀಟಾ ಕೋಶದ ಪೊಟ್ಯಾಸಿಯಂ ಬಾಗಿಲನ್ನು ತಯಾರಿಸುವ ಜೀನ್ ಕೆಸಿಎನ್‌ಜೆ11 ಕೆಟ್ಟರೆ ಬಾಗಿಲು ಮುಚ್ಚುವುದೇ ಇಲ್ಲ, ಇನ್ಸುಲಿನ್ ಹೊರಬರುವುದಿಲ್ಲ. ಗ್ಲಿಬೆನ್‌ಕ್ಲಮೈಡ್ ಮಾತ್ರೆ ಅದನ್ನು ಇನ್ನೊಂದು ದಾರಿಯಿಂದ ಮುಚ್ಚುತ್ತದೆ. 2006ರಲ್ಲಿ ಪ್ರಕಟವಾದ ವರದಿಯಲ್ಲಿ 49 ಮಂದಿಯ ಪೈಕಿ 44 ಜನ ಇನ್ಸುಲಿನ್ ಬಿಟ್ಟು ಮಾತ್ರೆಗೆ ಬಂದಿದ್ದರು.

ಸಾಮಾನ್ಯ ಟೈಪ್ 2 ಬೇರೆಯೇ. ಅಲ್ಲಿ ನೂರಾರು ಜೀನುಗಳ ಸಣ್ಣಪುಟ್ಟ ವ್ಯತ್ಯಾಸ ಕೂಡುತ್ತದೆ. ಅವುಗಳಲ್ಲಿ ಜೋರಿನದೆಂದು 2006ರಲ್ಲಿ ಗೊತ್ತಾದ ಟಿಸಿಎಫ್7ಎಲ್2 ಕೂಡ ಒಂದೊಂದು ಪ್ರತಿಗೆ ಅಪಾಯವನ್ನು ಸುಮಾರು 1.4 ಪಟ್ಟು ಏರಿಸುತ್ತದೆ, ಅಷ್ಟೇ. ಅದಕ್ಕಾಗಿ ದುಡ್ಡು ಕೊಟ್ಟು ಜೀನ್ ಪರೀಕ್ಷೆ ಮಾಡಿಸಬೇಕಿಲ್ಲ.

ಪರೀಕ್ಷೆಗೆ ಕಳಿಸುವಾಗ: ಮೊದಲು ಟೈಪ್ 1ರ ಆ್ಯಂಟಿಬಾಡಿಗಳು ಇಲ್ಲವೆಂದು ನೋಡಿಕೊಳ್ಳಿ (ಕೂಸಿನಲ್ಲಿ ಇದಕ್ಕೆ ಕಾಯಬೇಡಿ). ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಎರಡು ಮೂರು ಮಿ.ಲೀ. ರಕ್ತ ಸಾಕು. ಜೀನಿನ ಒಂದು ತುಂಡೇ ಕಳೆದುಹೋಗಿದ್ದರೆ ಜೀನನ್ನು ಅಕ್ಷರ ಅಕ್ಷರವಾಗಿ ಓದುವ ಬರೀ ಸೀಕ್ವೆನ್ಸಿಂಗಿನ ಕಣ್ಣಿಗೆ ಅದು ಬೀಳದೆ ಹೋಗಬಹುದು; ತುಂಡು ಎಣಿಸುವ ಎಂಎಲ್‌ಪಿಎ ಸೇರಿದೆಯೇ ಎಂದು ಲ್ಯಾಬನ್ನು ಕೇಳಿ. ರಿಪೋರ್ಟಿನಲ್ಲಿ ‘ಅರ್ಥ ಅನಿಶ್ಚಿತ’ ಎಂದು ಬಂದರೆ ಅದನ್ನು ನಂಬಿ ಔಷಧ ಬದಲಿಸಬಾರದು. ಮನೆಯಲ್ಲಿ ಶುಗರ್ ಏರಿದವರಲ್ಲೆಲ್ಲ ಅದೇ ವ್ಯತ್ಯಾಸವಿದೆಯೇ, ಸಹಜವಾಗಿರುವವರಲ್ಲಿ ಇಲ್ಲವೇ ಎಂದು ಮೊದಲು ನೋಡಬೇಕು. ಅಲ್ಲಿಯವರೆಗೆ ನಡೆಯುತ್ತಿರುವ ಇನ್ಸುಲಿನ್ ಯಾರೂ ತಾವಾಗಿ ನಿಲ್ಲಿಸಕೂಡದು.